ಸಂಕರ ಹತ್ತಿಯ ಬೀಜ

ಉಗರಗೋಳವನ್ನೊಳಗೊಂಡ ಸವದತ್ತಿ ಸೀಮೆಯ ಎರೆಹೊಲಗಳಿಗೆ ಹತ್ತಿ ಹಳೆಯ ಬೆಳೆ. ಒಕ್ಕಲಿಗನು ತನ್ನ ಬೆಳೆಯ ಬೀಜವನ್ನೇ ಮರುವರ್ಷವೂ ಬಿತ್ತಬಹುದಾಗಿತ್ತು. ಸಂಕರ ತಳಿಗಳು ಬಂದ ಬಳಿಕ ಆ ಅನುಕೂಲವು ತಪ್ಪಿತು. ಅದೇಕೆಂಬುದನ್ನು ಇಲ್ಲಿ ವಿವರಿಸುವೆವು.

ಗೆಣಸಿನಲ್ಲಿ ಉತ್ತಮವಾದ ಬಳ್ಳಿಯೊಂದನ್ನು ಆಯ್ದರೆ ಸಾಕು. ಅದರ ತುಂಡುಗಳನ್ನು ನೆಟ್ಟಲ್ಲಿ ಹುಟ್ಟುವ ಬಳ್ಳಿಗಳೆಲ್ಲವೂ ತಾಯಬಳ್ಳಿಯ ಪಡಿಯಚ್ಚೇ ಆಗಿರುವುವು. ಹತ್ತಿಯಾದರೋ ಬೀಜದಿಂದ ಬೆಳೆಯತಕ್ಕದ್ದು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ‘ವರಲಕ್ಷ್ಮಿ’ಯನ್ನು ಬಳಕೆಗೆ ತಂದರು. ‘ಲಕ್ಷ್ಮಿ’ಯೆಂಬ ಅಮೆರಿಕ ಜಾತಿಯ ಹತ್ತಿಗೆ ನೀಳವೂ ನಯವೂ ಆದ ಎಳೆಯುಳ್ಳ ಬಾರ್ಬಡೆನ್ಸ್ ಜಾತಿಯ ಪರಾಗವನ್ನು ಕೂಡಿಸಿ ಪಡೆದ ಸಂಕರವಿದು. ಇಳುವರಿಯೂ ಎಳೆಯ ಗುಣವೂ ಒಂದೇ ಗಿಡದಲ್ಲಿ ಸೇರಿದುವು. ಆದರೆ ಅದರ ಬೀಜವನ್ನೇ ಮತ್ತೆ ಬಿತ್ತಿದಲ್ಲಿ, ಮೆಂಡೆಲನು ತೋರಿದ ನಿಯಮದಂತೆ ಕೂಡಿದ ಗುಣಗಳು ಚದರಿಹೋಗುವುವು. ಒಂದು ಗಿಡದಂತೆ ಇನ್ನೊಂದಿರದು.

ಆದುದರಿಂದ ಬೀಜವನ್ನು ಪ್ರತಿವರ್ಷವೂ ಹೊಸದಾಗಿ ಸಂಕರಿಸಬೇಕು. ನಾಳೆ ಅರಳುವ ಮೊಗ್ಗಿನ ಕೇಸರಗಳನ್ನು ಇಂದು ಸಂಜೆ ಉಗುರಿನಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಶಲಾಕೆಗೆ ಗಂಡುತಳಿಯ ಪರಾಗವನ್ನು ಸವರಬೇಕು. ಪ್ರತಿಯೊಂದು ಹೂವಿಗೂ ಹೀಗೆಯೇ. ಬೀಜವನ್ನು ಬೆಳೆಸುವ ವೆಚ್ಚದಲ್ಲಿ ದೊಡ್ಡ ಪಾಲು ಈ ಕೈಗೆಲಸದ ಕೂಲಿ. ಕೆಲಸಗಾರರು ಹೆಚ್ಚಾಗಿ ಹೆಂಗಸರು. 1981ರಲ್ಲಿ ಧಾರವಾಡದಿಂದಲೇ ಹೊರಬಂದ ‘ಜಯಲಕ್ಷ್ಮಿ’ಗೂ ಈ ಶ್ರಮವು ತಪ್ಪಲಿಲ್ಲ.