ಬಾರದ ಸಾರಥಿಗೆ ಸಂಚಕಾರ

ನಮ್ಮ ಕನ್ನಡದಲ್ಲಿ ಸಂಚಕಾರವೆಂಬ ಮಾತಿಗೆ ಎರಡು ಅರ್ಥಗಳುಂಟು. ಸರಕು ಕೈಗೆ ಬರುವುದಕ್ಕೆ ಮೊದಲು ವ್ಯವಹಾರವು ಗಟ್ಟಿಯಾಗಲೆಂದು ಕೊಡುವ ಮುಂಗಡ ಹಣವೂ ಸಂಚಕಾರವೇ. ಪ್ರಾಣಕ್ಕೋ ಮಾನಕ್ಕೋ ಒದಗುವ ಕೇಡೂ ಸಂಚಕಾರವೇ. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಹೇಗೆ ಮನೆಮಾಡಿಕೊಂಡುವೆಂಬುದನ್ನು ನಿಘಂಟುಕಾರರು ಹೇಳಬೇಕು. ೨೦೨೫ನೆಯ ಇಸವಿ ಜುಲೈ ತಿಂಗಳ ಕೊನೆಯಲ್ಲಿ ಲಷ್ಕರ್ ಮೊಹಲ್ಲಾದ ವರ್ತಕರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದು ಒಂದು ಪ್ರಶ್ನೆಯನ್ನು ಕೇಳಿದಾಗ ನಮಗೆ ಈ ಶಬ್ದವು ನೆನಪಿಗೆ ಬಂದಿತು.

ಆ ತಿಂಗಳು ೧೫ರಂದು ಅಮೆರಿಕಾ ದೇಶದ ಟೆಸ್ಲಾ ಕಂಪೆನಿಯವರು ಮುಂಬಯಿಯಲ್ಲಿ ತಮ್ಮ ಅಂಗಡಿಯನ್ನು ತೆರೆದು, ಮಾಡೆಲ್ ವೈ ಎಂಬ ವಿದ್ಯುತ್ ಮೋಟಾರನ್ನು ೫೯.೮೯ ಲಕ್ಷ ರೂಪಾಯಿಗಳಿಂದ ಮೊದಲುಮಾಡಿ ಮಾರಾಟಕ್ಕಿಟ್ಟಿದ್ದರು. ಇದರ ಮೇಲೆ ಇನ್ನೂ ಆರು ಲಕ್ಷ ರೂಪಾಯಿ ಕೊಟ್ಟವರಿಗೆ 'ಪೂರ್ಣ ಸ್ವಯಂಚಾಲನ ಸಾಮರ್ಥ್ಯ'ವೆಂಬ ಇನ್ನೊಂದು ಬಾಬು. ನಮ್ಮ ವರ್ತಕರು ಹಣಕ್ಕೆ ಹಿಂಜರಿಯುವವರಲ್ಲ. ಆದರೆ ಲೆಕ್ಕ ಬಲ್ಲವರು. "ಸ್ವಾಮೀ, ಈ ಆರು ಲಕ್ಷಕ್ಕೆ ಪ್ರತಿಯಾಗಿ ಗಾಡಿ ಮನೆಗೆ ಬಂದ ದಿನ ನನಗೆ ದೊರೆಯುವುದೇನು?" ಎಂದು ಅವರು ಕೇಳಿದರು. ಉತ್ತರವು ಚಿಕ್ಕದು. ಆ ದಿನ ಭರತಖಂಡದ ಯಾವ ರಸ್ತೆಯಲ್ಲಿಯೂ ಆ ಸ್ವಯಂಚಾಲನೆಯನ್ನು ಉಪಯೋಗಿಸುವ ಅನುಕೂಲವಿರಲಿಲ್ಲ. ಮುಂದೆ ಎಂದಾದರೂ, ಗಾಳಿಯ ಮೂಲಕ ಇಳಿದುಬರುವ ಹೊಸ ತಂತ್ರಾಂಶದಿಂದ ಅದು ದೊರೆಯಬಹುದೆಂಬ ಆಶೆಗೆ ಆರು ಲಕ್ಷ. ತಾರೀಖು ಮಾತ್ರ ಇಲ್ಲ.

ಅಶೋಕ ರಸ್ತೆಯಲ್ಲಿ ಸಾಯಂಕಾಲ ಆರು ಗಂಟೆಗೆ ನಿಂತು ನೋಡಿದವರಿಗೆ ಈ ಆಶೆಯ ದೂರವೆಷ್ಟೆಂಬುದು ತಿಳಿದೀತು. ಸಂತ ಫಿಲೋಮಿನಾ ಇಗರ್ಜಿಯ ಕಡೆಯಿಂದ ಬರುವ ಬಸ್ಸು, ಎದುರು ದಿಕ್ಕಿನಿಂದ ತಪ್ಪು ಪಕ್ಕದಲ್ಲಿ ನುಗ್ಗುವ ಆಟೋ, ತಳ್ಳುಗಾಡಿ, ಟಾಂಗಾ, ನಡುವೆ ನಿಂತು ಮೆಲುಕು ಹಾಕುವ ಗೋವು. ಇವುಗಳ ಮನೋಗತವನ್ನು ಅರಿತು ಗಾಡಿ ನಡೆಸುವುದು ಹುಟ್ಟು ಮೈಸೂರಿನವನಿಗೇ ಕಷ್ಟ. ಅದು ಹೋಗಲಿ. ಕೇಂದ್ರದ ರಸ್ತೆ ಸಾರಿಗೆ ಮಂತ್ರಿಗಳಾದ ಶ್ರೀ ನಿತಿನ್ ಗಡ್ಕರಿಯವರು, ಚಾಲಕರ ಉದ್ಯೋಗವು ಹೋಗುವುದೆಂಬ ಕಾರಣದಿಂದ ಚಾಲಕರಹಿತ ಮೋಟಾರುಗಳಿಗೆ ಈ ದೇಶದಲ್ಲಿ ಅವಕಾಶ ಕೊಡುವುದಿಲ್ಲವೆಂದು ೨೦೧೭ರಲ್ಲಿ ಒಮ್ಮೆ, ೨೦೨೩ರಲ್ಲಿ ಮತ್ತೊಮ್ಮೆ ಬಹಿರಂಗವಾಗಿ ಹೇಳಿದ್ದರು. ಮಂತ್ರಿಗಳ ಅಭಿಪ್ರಾಯವು ಸರಿಯೋ ತಪ್ಪೋ ಬೇರೆ ಮಾತು. ಬರಗೊಡುವುದಿಲ್ಲವೆಂದು ಮಂತ್ರಿಗಳೇ ಹೇಳಿದ ವಸ್ತುವಿಗೆ ಅವರದೇ ದೇಶದಲ್ಲಿ ಬೆಲೆಚೀಟಿ ಅಂಟಿಸಿ ಮುಂಚಿತವಾಗಿ ಹಣ ಪಡೆಯಬಹುದೆಂಬುದು ನಮಗೆ ಸೋಜಿಗವಾಗಿ ಕಂಡಿತು.

ಈ ವಾಗ್ದಾನದ ಪೂರ್ವಚರಿತ್ರೆಯನ್ನು ಅದರ ಹುಟ್ಟಿದೂರಿನಲ್ಲಿ ನೋಡಬೇಕು. ೨೦೧೬ನೆಯ ಅಕ್ಟೋಬರ್ ೧೯ರಂದು ಆ ಕಂಪೆನಿಯವರು, ಇನ್ನು ಮುಂದೆ ತಾವು ತಯಾರಿಸುವ ಪ್ರತಿಯೊಂದು ಮೋಟಾರಿನಲ್ಲಿಯೂ ಪೂರ್ಣ ಸ್ವಯಂಚಾಲನೆಗೆ ಬೇಕಾದ ಯಂತ್ರಸಾಮಗ್ರಿಯೆಲ್ಲವೂ ಇರುವುದೆಂದು ಸಾರಿದರು. ಚಾಲಕನಿಗೆ ಸಹಾಯಮಾಡುವ ಸುಧಾರಿಸಿದ ವ್ಯವಸ್ಥೆಗೆ ೫,೦೦೦ ಡಾಲರು; ಅದರ ಮೇಲೆ ೩,೦೦೦ ಡಾಲರು ಕೊಟ್ಟವರಿಗೆ ಮುಂದೆ ಪೂರ್ಣ ಸ್ವಯಂಚಾಲನೆ. ೨೦೧೭ರ ಅಂತ್ಯದೊಳಗೆ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿನವರೆಗೆ ಯಾರೂ ಚಕ್ರ ಮುಟ್ಟದೆ ಗಾಡಿ ಹೋಗುವುದೆಂದು ಕಂಪೆನಿಯ ಮುಖ್ಯಸ್ಥರಾದ ಎಲಾನ್ ಮಸ್ಕರು ಹೇಳಿದರು. ವರ್ಷವು ಮುಗಿಯಿತು, ಪ್ರಯಾಣವು ನಡೆಯಲಿಲ್ಲ. ೨೦೧೯ರಲ್ಲಿ, ಬರುವ ವರ್ಷ ಹತ್ತು ಲಕ್ಷ ಬಾಡಿಗೆ ಮೋಟಾರುಗಳು ತಾವಾಗಿಯೇ ದುಡಿಯುವುವೆಂಬ ಮಾತು ಬಂದಿತು. ಅದೂ ಹಾಗೆಯೇ ಆಯಿತು. ಆದರೆ ಬೆಲೆಯು ನಿಲ್ಲಲಿಲ್ಲ. ೨೦೨೨ನೆಯ ಸೆಪ್ಟೆಂಬರಿನಲ್ಲಿ ೧೫,೦೦೦ ಡಾಲರಿಗೇರಿ, ೨೦೨೪ನೆಯ ಏಪ್ರಿಲಿನಲ್ಲಿ ೮,೦೦೦ಕ್ಕೆ ಇಳಿಯಿತು. ಬೆಲೆ ಏರುವುದಕ್ಕೆ ಮುಂಚೆ ಕೊಂಡುಕೊಳ್ಳಿರೆಂಬ ಮಾತನ್ನು ನಂಬಿ ಆತುರಪಟ್ಟವರು, ಆತುರಪಡದವರಿಗಿಂತ ಹೆಚ್ಚು ತೆತ್ತರು.

೨೦೨೪ರಲ್ಲಿ ಆ ಬಾಬಿನ ಹೆಸರಿಗೆ 'ಮೇಲ್ವಿಚಾರಣೆಯುಳ್ಳ' ಎಂಬುದಾಗಿ ಒಂದು ವಿಶೇಷಣವು ಸೇರಿತು. ಪೂರ್ಣವಾಗಿ ತಾನೇ ನಡೆಯುವುದು, ಆದರೆ ಮನುಷ್ಯನು ಎವೆಯಿಕ್ಕದೆ ನೋಡುತ್ತಿರತಕ್ಕದ್ದು. ಪಾಠಶಾಲೆಯಲ್ಲಿ ನಮಗೆ ವ್ಯಾಕರಣ ಹೇಳಿದ ಪಂಡಿತರು ಇದನ್ನು ಕೇಳಿದ್ದರೆ, ವಿಶೇಷಣವು ವಿಶೇಷ್ಯವನ್ನು ನುಂಗಿತೆಂದು ನಗುತ್ತಿದ್ದರು. ಬಳಿಕ ೨೦೨೫ನೆಯ ಜನವರಿಯಲ್ಲಿ, ೨೦೧೯ರಿಂದೀಚೆಗೆ ಕೆಲವು ವರ್ಷಗಳ ಕಾಲ ಮಾರಿದ ಗಾಡಿಗಳೊಳಗಿನ ಗಣಕವು ಸಾಲದೆಂದೂ, ಸ್ವಯಂಚಾಲನೆಗೆ ಹಣ ತೆತ್ತವರಿಗೆ ಅದನ್ನು ಬದಲಿಸಿಕೊಡಬೇಕಾಗುವುದೆಂದೂ ಮಸ್ಕರೇ ಒಪ್ಪಿಕೊಂಡರು. ಬೇಕಾದುದೆಲ್ಲವೂ ಇರುವುದೆಂದು ಸಾರಿ ಎಂಟು ವರ್ಷಗಳು ಕಳೆದಿದ್ದುವು.

ಇದಕ್ಕಿಂತಲೂ ನಮ್ಮ ಮನಸ್ಸನ್ನು ನೋಯಿಸಿದ್ದು ಮತ್ತೊಂದು ಸಂಗತಿ. ಈ ಬಾಬು ಮನುಷ್ಯನಿಗೆ ಸೇರಿದ್ದಲ್ಲ, ಗಾಡಿಗೆ ಸೇರಿದ್ದು. ಗಾಡಿಯ ಆಯುಸ್ಸು ಎಷ್ಟು? ಐದಾರು ವರ್ಷ ಕಾದು ಗಾಡಿಯನ್ನು ಮಾರಿದವನು, ಒಂದು ದಿನವೂ ಅನುಭವಿಸದ ವಸ್ತುವನ್ನು ಅದರೊಡನೆಯೇ ಬಿಟ್ಟುಕೊಟ್ಟನು. ಮಾಲೀಕರ ಕೂಗು ಹೆಚ್ಚಿದ ಮೇಲೆ ೨೦೨೩ರಲ್ಲಿ ಕೆಲವು ಕಾಲ ಅದನ್ನು ಹೊಸ ಗಾಡಿಗೆ ವರ್ಗಾಯಿಸಿಕೊಳ್ಳಲು ಅನುಮತಿ ದೊರೆಯಿತು. ಅದಕ್ಕೆ ಹೊಸ ಗಾಡಿಯನ್ನು ಅದೇ ಕಂಪೆನಿಯಿಂದ ಕೊಳ್ಳಬೇಕಾಗಿದ್ದಿತು. ಹಳೆಯ ಸಾಲವನ್ನು ನೆನಪುಮಾಡಲು ಹೋದವನಿಗೆ ಹೊಸ ಸರಕನ್ನು ಮಾರಿದಂತಾಯಿತು. ೨೦೨೫ನೆಯ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವು ಅಲ್ಲಿಯ ಮಾಲೀಕರು ಒಟ್ಟಾಗಿ ದಾವೆ ನಡೆಸಬಹುದೆಂದು ಅಪ್ಪಣೆ ಕೊಟ್ಟಿತು.

ಸ್ವಯಂಚಾಲನೆಯೇ ಮೋಸವೆಂದು ನಾವು ಹೇಳುವುದಿಲ್ಲ. ಫೀನಿಕ್ಸ್ ನಗರದಲ್ಲಿ ವೇಮೋ ಎಂಬ ಕಂಪೆನಿಯವರು ೨೦೨೦ರಿಂದ ಸಾರ್ವಜನಿಕರನ್ನು ಚಾಲಕನಿಲ್ಲದ ಮೋಟಾರಿನಲ್ಲಿ ಕರೆದೊಯ್ಯುತ್ತಿದ್ದಾರೆ. ಟೆಸ್ಲಾದವರೂ ೨೦೨೫ನೆಯ ಜೂನಿನಲ್ಲಿ ಆಸ್ಟಿನ್ ನಗರದಲ್ಲಿ, ಮುಂದಿನ ಪೀಠದಲ್ಲಿ ಮೇಲ್ವಿಚಾರಕನೊಬ್ಬನನ್ನು ಕುಳ್ಳಿರಿಸಿಕೊಂಡು ಇಂಥ ಬಾಡಿಗೆ ಸವಾರಿಯನ್ನು ಆರಂಭಿಸಿದರು. ವಿದ್ಯೆಯು ಬೆಳೆಯುತ್ತಿದೆ. ಬಾಡಿಗೆಯ ಮೋಟಾರನ್ನು ಹತ್ತಿದವನು ಆ ದಿನದ ಸವಾರಿಗೆ ಹಣ ಕೊಟ್ಟು ಆ ದಿನವೇ ಊರು ಸೇರುತ್ತಾನೆ. ಹತ್ತು ವರ್ಷಗಳ ಅನಂತರದ ಸವಾರಿಗೆ ಅವನನ್ನು ಯಾರೂ ಹಣ ಕೇಳುವುದಿಲ್ಲ. ನಮ್ಮ ಆಕ್ಷೇಪಣೆಯೆಲ್ಲವೂ ಈ ಹಣ ಕೇಳುವ ಕ್ರಮದಲ್ಲಿದೆ.

ಮುಂಗಡ ಹಣದ ವಿಷಯದಲ್ಲಿ ಮಾತಾಡುವುದಕ್ಕೆ ಪತ್ರಿಕೆಯವರಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ನ್ಯಾಯವೇ. ನಾವೂ ವರ್ಷದ ಚಂದಾವನ್ನು ಮೊದಲೇ ಬೇಡುವವರು. ಮುಂಗಡ ಚಂದಾವಿಲ್ಲದಿದ್ದರೆ ಕಾಗದದ ವರ್ತಕರಿಗೆ ನಾವು ಮುಖ ತೋರಿಸಲಾರೆವು. ಆದರೆ ಆ ಹಣವು ನಮ್ಮ ಲೆಕ್ಕದ ಪುಸ್ತಕದಲ್ಲಿ ಲಾಭವೆಂದಲ್ಲ, ಋಣವೆಂದು ಬರೆಯಲ್ಪಡುತ್ತದೆ. ಪ್ರತಿದಿನವೂ ಪತ್ರಿಕೆ ಬಾಗಿಲಿಗೆ ಬಿದ್ದಂತೆಲ್ಲಾ ದಿನದಷ್ಟು ಋಣ ತೀರುತ್ತದೆ. ಟೆಸ್ಲಾದವರ ಲೆಕ್ಕದಲ್ಲಿಯೂ ಇಂಥ ಅಂಕಣವುಂಟು. ಸ್ವಯಂಚಾಲನೆ ಮತ್ತು ಅದರೊಡನೆ ಮಾರಿದ ಇತರ ಕೆಲವು ಸೌಕರ್ಯಗಳಿಗಾಗಿ ಹಣ ಪಡೆದು ಇನ್ನೂ ಸಲ್ಲಿಸದೆ ಇರುವ ಬಾಬಿನಲ್ಲಿ ೨೦೨೪ರ ಕೊನೆಗೆ ೩೫೦ ಕೋಟಿ ಡಾಲರುಗಳಿಗೂ ಹೆಚ್ಚಿನ ಮೊತ್ತವನ್ನು ಅವರೇ ತೋರಿಸಿದ್ದಾರೆ. ಸಾಲವೆಂದು ಲೆಕ್ಕಿಗನಿಗೆ ಗೊತ್ತು. ಈ ಸಾಲಕ್ಕೆ ಬಡ್ಡಿಯಿಲ್ಲ, ವಾಯಿದೆಯಿಲ್ಲ, ಪತ್ರವಿಲ್ಲ.

ನಮಗೂ ಒಮ್ಮೆ ಇದರ ರುಚಿ ತೋರಿದೆ. ಕೆಲವು ವರ್ಷಗಳ ಹಿಂದೆ ಮುದ್ರಣಾಲಯಕ್ಕೆ ಒಂದು ಯಂತ್ರವನ್ನು ತರಿಸಿದೆವು. ಬಣ್ಣಗಳನ್ನು ತಾನಾಗಿಯೇ ಒಂದರ ಮೇಲೊಂದು ಸರಿಯಾಗಿ ಕೂರಿಸುವ ಉಪಕರಣವು ಮೂರು ತಿಂಗಳಲ್ಲಿ ಬರುವುದೆಂದು ಮಾರಿದವರು ಹೇಳಿ, ಅದರ ಕ್ರಯವನ್ನೂ ಯಂತ್ರದೊಡನೆಯೇ ತೆಗೆದುಕೊಂಡರು. ಮೊದಲನೆಯ ವರ್ಷ ನಾವು ಕಾಗದ ಬರೆದೆವು. ಎರಡನೆಯ ವರ್ಷ ಅವರೇ, ಅದಕ್ಕಿಂತ ಉತ್ತಮವಾದ ಉಪಕರಣ ಬರುತ್ತಿರುವುದರಿಂದ ತಾಳಿಕೊಂಡರೆ ನಮಗೇ ಲಾಭವೆಂದು ಬರೆದರು. ಆ ಉಪಕರಣವು ಕೂರಬೇಕಾಗಿದ್ದ ಸ್ಥಳಕ್ಕೆ ನಮ್ಮ ಮೇಸ್ತ್ರಿಯು ತಗಡನ್ನು ಬಡಿದಿದ್ದಾನೆ. ಬಣ್ಣವನ್ನು ಇಂದಿಗೂ ಅವನ ಕಣ್ಣೇ ಕೂರಿಸುತ್ತಿದೆ. ಮೊಕದ್ದಮೆ ಹೂಡಲಿಲ್ಲವೇಕೆಂದು ಕೇಳಿದರೆ, ತಿಂಗಳು ತಿಂಗಳೂ ಮುಂದಿನ ತಿಂಗಳಿಗೆ ಬಂದೀತೆಂದು ನಂಬಿದ ಮೂರ್ಖತನವೇ ಕಾರಣ.

ನಮ್ಮ ನಾಡಿಗೂ ಈ ಕಥೆ ಹೊಸದಲ್ಲ. ೨೦೧೬ರಲ್ಲಿ ಈ ದೇಶದ ಅನೇಕರು ಟೆಸ್ಲಾದ ಮಾಡೆಲ್ ೩ ಎಂಬ ಮೋಟಾರಿಗೆ ತಲಾ ೧,೦೦೦ ಡಾಲರು ಸಂಚಕಾರ ಕೊಟ್ಟರು. ೨೦೨೧ನೆಯ ಜನವರಿಯಲ್ಲಿ ಆ ಕಂಪೆನಿಯ ಭಾರತದ ಶಾಖೆಯು ಬೆಂಗಳೂರಿನಲ್ಲಿ ನೋಂದಣಿಯಾದಾಗ ಅಂದಿನ ಮುಖ್ಯಮಂತ್ರಿಗಳಾದ ಶ್ರೀ ಯಡಿಯೂರಪ್ಪನವರು ಸಂಭ್ರಮದಿಂದ ಸ್ವಾಗತ ಹೇಳಿದರು. ಮರುತಿಂಗಳು ಕರ್ನಾಟಕದಲ್ಲಿ ಕಾರ್ಖಾನೆಯೇ ಬರುವುದೆಂಬ ಮಾತೂ ಸರಕಾರದಿಂದ ಹೊರಟಿತು. ಕಾರ್ಖಾನೆ ಬರಲಿಲ್ಲ. ೨೦೨೫ನೆಯ ಮೇ ತಿಂಗಳಲ್ಲಿ, ಒಂಬತ್ತು ವರ್ಷಗಳ ಮೇಲೆ, ಸಂಚಕಾರವನ್ನು ಹಿಂದಿರುಗಿಸುವೆವೆಂಬ ಓಲೆಗಳು ಬಂದುವು.

ಪರದೇಶದವರನ್ನು ಮಾತ್ರ ಆಡಿದರೆ ಪಕ್ಷಪಾತವಾದೀತು. ಬೆಂಗಳೂರಿನಲ್ಲಿಯೇ ನೆಲೆಯಾದ ಓಲಾ ಎಲೆಕ್ಟ್ರಿಕ್ ಕಂಪೆನಿಯವರು ೨೦೨೧ನೆಯ ಸ್ವಾತಂತ್ರ್ಯ ದಿನದಂದು ತಮ್ಮ ಸ್ಕೂಟರನ್ನು ಲೋಕಕ್ಕೆ ತೋರಿಸಿ, ಸೆಪ್ಟೆಂಬರಿನಲ್ಲಿ ಮಾರಾಟ ತೆರೆದು, ಡಿಸೆಂಬರಿನಲ್ಲಿ ಗಾಡಿಗಳನ್ನು ಕೊಡಲಾರಂಭಿಸಿದರು. ಒಂದೇ ವೇಗದಲ್ಲಿ ಗಾಡಿಯನ್ನು ನಡೆಸುವ ಏರ್ಪಾಡೇ ಮೊದಲಾಗಿ, ಸಾರಿದ್ದ ಹಲವು ಅನುಕೂಲಗಳು ಅದರಲ್ಲಿರಲಿಲ್ಲ. ಅವು ೨೦೨೨ನೆಯ ಜೂನಿನ ತಂತ್ರಾಂಶದೊಡನೆ ಬರತೊಡಗಿದುವು. ಬಂದುವಲ್ಲಾ ಎಂಬುದು ಅವರ ಪಕ್ಷದ ಮಾತು, ಅದನ್ನು ಒಪ್ಪತಕ್ಕದ್ದೇ. ಆದರೆ ೨೦೨೪ನೆಯ ಆಗಸ್ಟಿಗೆ ಕೊನೆಗೊಂಡ ಒಂದು ವರ್ಷದಲ್ಲಿ ಆ ಕಂಪೆನಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ೧೦,೬೪೪ ದೂರುಗಳು ಬಂದುವು. ರಿಪೇರಿಯ ವಿಳಂಬ, ಗಾಡಿ ಕೊಡುವ ವಿಳಂಬ, ಹೇಳಿದ ಸೇವೆ ಸಲ್ಲದಿರುವುದು, ಎಲ್ಲವೂ ಅವುಗಳಲ್ಲಿದ್ದುವು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆ ಅಕ್ಟೋಬರಿನಲ್ಲಿ ನೋಟೀಸು ಕೊಟ್ಟಿತು. ನೂರಕ್ಕೆ ತೊಂಬತ್ತೊಂಬತ್ತು ದೂರುಗಳನ್ನು ಪರಿಹರಿಸಿದೆವೆಂದು ಕಂಪೆನಿಯವರು ಉತ್ತರವಿತ್ತರು.

ಹಿಂದೆ ಸ್ಕೂಟರಿಗೂ ಮೋಟಾರಿಗೂ ನಮ್ಮ ಹಿರಿಯರು ವರ್ಷಗಟ್ಟಲೆ ಕಾದುದುಂಟಲ್ಲವೆಂದು ಕೆಲವರು ಹೇಳುತ್ತಾರೆ. ಕಾದರು ನಿಜ; ಆದರೆ ಅವರು ಕಾದ ವಸ್ತುವು ಬೀದಿಯಲ್ಲಿ ಓಡಾಡುತ್ತಿದ್ದಿತು. ಇಲ್ಲದ ವಸ್ತುವಿಗೆ ಹಣ ತೆತ್ತ ಹಳೆಯ ನಿದರ್ಶನ ಬೇಕೆಂದರೆ, ೧೯೭೦ರ ದಶಕದಲ್ಲಿ ಸಂಜಯ ಗಾಂಧಿಯವರ ಮಾರುತಿ ಕಂಪೆನಿಯಲ್ಲಿ ಠೇವಣಿಯಿಟ್ಟು ಮಾರಲು ಮೋಟಾರೇ ದೊರೆಯದೆ ಕುಳಿತ ಏಜೆಂಟರನ್ನು ನೆನೆಯಬೇಕು. ಅದಕ್ಕೆ ನ್ಯಾಯಮೂರ್ತಿ ಗುಪ್ತರ ವಿಚಾರಣಾ ಆಯೋಗವೇ ಕೂರಬೇಕಾಯಿತು.

ಈಗ ಕಾನೂನಿನ ಮಾತು. ೧೮೭೨ನೆಯ ಕರಾರು ಕಾಯಿದೆಯ ೪೬ನೆಯ ಪ್ರಕರಣದ ಪ್ರಕಾರ, ಕಾಲವನ್ನು ಗೊತ್ತುಮಾಡದ ವಾಗ್ದಾನವನ್ನು ಯುಕ್ತ ಕಾಲದಲ್ಲಿ ನೆರವೇರಿಸತಕ್ಕದ್ದು. ೨೦೧೯ನೆಯ ಗ್ರಾಹಕ ರಕ್ಷಣಾ ಕಾಯಿದೆಯು ಗಿರಾಕಿಯು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಲು ಅವಕಾಶ ಮಾಡಿದೆ. ಕೊಟ್ಟ ಹಣವು ೫೦ ಲಕ್ಷ ಮೀರಿದರೆ ಮಾತ್ರ ಮೈಸೂರಿನ ಜಿಲ್ಲಾ ಆಯೋಗವನ್ನು ಬಿಟ್ಟು ರಾಜ್ಯ ಆಯೋಗಕ್ಕೆ ಹೋಗಬೇಕು. ತೊಡಕಿರುವುದು ಕಾಲದ ಗಡುವಿನಲ್ಲಿ. ದೂರಿನ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಬರಬೇಕೆಂದು ಅದೇ ಕಾಯಿದೆಯ ೬೯ನೆಯ ಪ್ರಕರಣ. ತಾರೀಖಿಲ್ಲದ ವಾಗ್ದಾನವು ಮುರಿದುದು ಯಾವ ದಿನ? ವಕೀಲರು ಇದನ್ನು ಎಷ್ಟು ಬೇಕಾದರೂ ಎಳೆದಾಡಬಹುದು. ಆಶೆಯಿಂದ ತಾಳಿಕೊಂಡ ಗಿರಾಕಿಗೆ, ತಾಳ್ಮೆಯೇ ಅಪರಾಧವಾಗಿ ಪರಿಣಮಿಸಬಹುದು.

ಮನೆ ಕಟ್ಟಿಸಿಕೊಡುವವರ ವಿಷಯದಲ್ಲಿ ಸರಕಾರದವರು ಈ ತೊಡಕನ್ನು ಬಿಡಿಸಿದ್ದಾರೆ. ೨೦೧೬ನೆಯ ಸ್ಥಿರಾಸ್ತಿ ಕಾಯಿದೆಯಂತೆ, ಕರಾರು ನೋಂದಣಿಯಾಗುವ ಮೊದಲು ಕ್ರಯದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದು. ಗಿರಾಕಿಗಳ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಕಟ್ಟಡಕ್ಕೆ ವೆಚ್ಚಮಾಡಬೇಕು. ಹೇಳಿದ ತಾರೀಖಿಗೆ ಮನೆ ಕೊಡದಿದ್ದರೆ ಬಡ್ಡಿ ತೆರಬೇಕು. ಗೋಡೆ ಏಳದ ಮನೆಗೆ ಇರುವ ಈ ನಿಯಮವು ಬರೆಯದ ತಂತ್ರಾಂಶಕ್ಕೆ ಏಕಿರಬಾರದು? ವಾಹನದೊಡನೆ ಮುಂದಿನ ಸೌಕರ್ಯವನ್ನು ಮಾರುವವರು ರಸೀತಿಯಲ್ಲಿ ತಾರೀಖನ್ನು ಬರೆಯಲಿ. ಅದು ಮೀರಿದರೆ ಬಡ್ಡಿ ಸಹಿತ ಹಣ ಹಿಂದಿರುಗಲಿ. ಗಾಡಿ ಕೈಬದಲಾದರೂ ಹಣ ತೆತ್ತವನ ಹಕ್ಕು ಉಳಿಯಲಿ. ದೆಹಲಿಯ ಗ್ರಾಹಕ ವ್ಯವಹಾರಗಳ ಇಲಾಖೆಯವರು ಇಷ್ಟನ್ನು ಮಾಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಅಲ್ಲಿಯವರೆಗೆ, ಈಗಾಗಲೇ ಹಣ ತೆತ್ತಿರುವವರು ಜಾಹೀರಾತಿನ ಪ್ರತಿಯನ್ನೂ ರಸೀತಿಯನ್ನೂ ತಾರೀಖಿನೊಡನೆ ಕಾಪಾಡಿಟ್ಟು, ಎರಡು ವರ್ಷ ತುಂಬುವುದಕ್ಕೆ ಮುಂಚೆಯೇ ಲಿಖಿತವಾಗಿ ಕೇಳತಕ್ಕದ್ದು. ಸಹಾಯವಾಣಿಯ ಸಂಖ್ಯೆ ೧೯೧೫.

ನಮ್ಮ ವರ್ತಕರು ಇದನ್ನೆಲ್ಲಾ ಕೇಳಿ, ಆರು ಲಕ್ಷವನ್ನು ಕೊಡುವುದಿಲ್ಲವೆಂದು ನಿಶ್ಚಯಿಸಿದರು. ಮೋಟಾರಿನ ಆಶೆಯನ್ನು ಅವರಿನ್ನೂ ಬಿಟ್ಟಿಲ್ಲ. ಅವರೊಡನೆ ಬಂದು ಬಾಗಿಲ ಬಳಿ ನಿಂತಿದ್ದ ಡ್ರೈವರು, ತನ್ನ ಕೆಲಸ ಹೋಗುವುದೇ ಎಂದು ನಮ್ಮನ್ನು ಮೆಲ್ಲಗೆ ಕೇಳಿದನು. ಹದಿನೆಂಟು ವರ್ಷಗಳಿಂದ ಅವರ ಗಾಡಿಯನ್ನು ಅಶೋಕ ರಸ್ತೆಯ ಜನಜಂಗುಳಿಯಲ್ಲಿ ನಡೆಸುತ್ತಿರುವವನು. ಸಂಬಳವು ಪ್ರತಿ ತಿಂಗಳು ಮುಗಿದ ಮೇಲೆ ಒಂದನೆಯ ತಾರೀಖಿಗೆ ಅವನ ಕೈಸೇರುತ್ತದೆ.