ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದ್ರೂ ಸ್ಕೂಟರ್ ಮೋಟಾರ್‌ಗೆ ಚೀನಾ ಮ್ಯಾಗ್ನೆಟ್ ಯಾಕೆ ಬೇಕು?

ಮೈಸೂರು: ನಗರದ ರಸ್ತೆಗಳಲ್ಲಿ ಸದ್ದಿಲ್ಲದೆ ಓಡುವ ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನು ದಿನಾ ನೋಡ್ತೀವಿ. ಅವುಗಳ ಮಾತು ಬಂದಾಗ ಒಂದು ಪ್ರಶ್ನೆ ಸಹಜ: ‘ಪಕ್ಕದ ಮಂಡ್ಯದಲ್ಲೇ ಲಿಥಿಯಂ ಸಿಕ್ಕಿದೆಯಲ್ಲ, ಇನ್ನೂ ಚೀನಾ ಯಾಕೆ?’

ಲಿಥಿಯಂ ಬೇರೆ, ರೇರ್ ಅರ್ತ್ ಬೇರೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿರುವ 1,600 ಟನ್ ಲಿಥಿಯಂ ಬ್ಯಾಟರಿಗೆ ಬರುವಂಥದ್ದು. ಚಕ್ರ ತಿರುಗಿಸುವ ಮೋಟಾರ್‌ನೊಳಗಿನ ಮ್ಯಾಗ್ನೆಟ್‌ಗೆ ಬೇಕಾದ್ದು ನಿಯೋಡಿಮಿಯಂ. ಬಿಸಿಯಾದಾಗ ಅದರ ಶಕ್ತಿ ಕುಂದದಿರಲು ಸ್ವಲ್ಪ ಡಿಸ್ಪ್ರೋಸಿಯಂ ಕೂಡ ಬೇಕು. ಇವೆರಡೂ ‘ರೇರ್ ಅರ್ತ್’ ಎನ್ನುವ 17 ಧಾತುಗಳ ಗುಂಪಿನವು.

ಏನಾಯ್ತು?

2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಂ ಸೇರಿ 7 ಧಾತುಗಳು ಮತ್ತು ಅವುಗಳ ಮ್ಯಾಗ್ನೆಟ್ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಜಗತ್ತಿನ ಸುಮಾರು ಶೇ 90ರಷ್ಟು ಮ್ಯಾಗ್ನೆಟ್ ಅಲ್ಲೇ ತಯಾರಾಗುವುದರಿಂದ ನಮ್ಮ ವಾಹನ ಕಂಪನಿಗಳು ಪರದಾಡಿದವು. ಕೆಲವು ಗ್ರಾಂ ತೂಕದ ಬಿಡಿಭಾಗ ಬರದಿದ್ದರೂ ಇಡೀ ಗಾಡಿ ನಿಲ್ಲುತ್ತೆ.

ನಮ್ಮಲ್ಲಿ ಅದಿರು ಇಲ್ವಾ?

ಇದೆ. ಕೇರಳ, ತಮಿಳುನಾಡು, ಆಂಧ್ರ, ಒಡಿಶಾ ಕರಾವಳಿಯ ಮರಳಿನಲ್ಲಿ ಮೋನಜೈಟ್ ಸಿಗುತ್ತೆ. ದೇಶದ ಒಟ್ಟು ಅಂದಾಜು ಸುಮಾರು 1.3 ಕೋಟಿ ಟನ್. 1950ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಐಆರ್‌ಇಎಲ್ ಅದನ್ನು ಸಂಸ್ಕರಿಸುತ್ತಿದೆ.

ತೊಡಕು ಇರುವುದು ಮುಂದಿನ ಹಂತಗಳಲ್ಲಿ. ಮೋನಜೈಟ್‌ನಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದರಿಂದ ಅಣುಶಕ್ತಿ ಕಾನೂನಿನ ನಿರ್ಬಂಧಗಳಿವೆ. ಅವಳಿಗಳಂತೆ ವರ್ತಿಸುವ ಈ ಧಾತುಗಳನ್ನು ಬೇರ್ಪಡಿಸಲು ನೂರಾರು ಸುತ್ತಿನ ರಾಸಾಯನಿಕ ಕೆಲಸ ಬೇಕು. ಆಮೇಲೆ ಲೋಹ, ಮಿಶ್ರಲೋಹ, ಕೊನೆಗೆ ಮ್ಯಾಗ್ನೆಟ್. ಈ ಸರಪಳಿಯನ್ನು ನಾವು ದೊಡ್ಡ ಮಟ್ಟದಲ್ಲಿ ಕಟ್ಟಿಲ್ಲ. ಡಿಸ್ಪ್ರೋಸಿಯಂ ಅಂತೂ ನಮ್ಮ ಮರಳಿನಲ್ಲಿ ತೀರಾ ಕಡಿಮೆ.

ಮುಂದಿನ ದಾರಿ

* ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ದೇಶದಲ್ಲೇ ತಯಾರಿಸುವ ಸಾಮರ್ಥ್ಯಕ್ಕಾಗಿ ಕೇಂದ್ರ ಸಂಪುಟ 2025ರ ನವೆಂಬರ್‌ನಲ್ಲಿ 7,280 ಕೋಟಿ ರೂ. ಯೋಜನೆ ಒಪ್ಪಿದೆ. ಕಾರ್ಖಾನೆ ಏಳಲು ವರ್ಷಗಳು ಬೇಕು.
* ರೇರ್ ಅರ್ತ್ ಇಲ್ಲದ ಫೆರೈಟ್ ಮ್ಯಾಗ್ನೆಟ್ ಮೋಟಾರ್ ಸಾಧ್ಯ. ಆದ್ರೆ ಅಷ್ಟೇ ಶಕ್ತಿಗೆ ಗಾತ್ರ, ತೂಕ ಹೆಚ್ಚು.
* ಹಳೆ ಹಾರ್ಡ್ ಡಿಸ್ಕ್, ಕೆಟ್ಟ ಮೋಟಾರ್‌ಗಳಿಂದ ನಿಯೋಡಿಮಿಯಂ ಮರಳಿ ತೆಗೆಯಬಹುದು.

ಈ ಮೂರನೆಯದರಲ್ಲಿ ನಮ್ಮ ಪಾಲೂ ಇದೆ. ಮನೆಯ ಮೂಲೆಯಲ್ಲಿರುವ ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕಿದರೆ ಅದರ ಮ್ಯಾಗ್ನೆಟ್ ಕಬ್ಬಿಣದ ಜತೆ ಕರಗಿ ಹೋಗುವ ಸಾಧ್ಯತೆಯೇ ಹೆಚ್ಚು. ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಟ್ಟರೆ ಅದು ಮತ್ತೆ ಬಳಕೆಗೆ ಬರುವ ದಾರಿಯಾದರೂ ತೆರೆದಿರುತ್ತೆ.