ಎಣಿಕೆಯ ಮೊದಲ ಪಾಠ

ನಾಲ್ಕು ವರ್ಷದ ಮಗುವು ಒಂದರಿಂದ ಇಪ್ಪತ್ತರವರೆಗೆ ತಡೆಯಿಲ್ಲದೆ ಒಪ್ಪಿಸಿದರೆ ಅದಕ್ಕೆ ಎಣಿಕೆ ಬಂದಿತೆಂದು ನಾವು ಹಿಗ್ಗುತ್ತೇವೆ. ಅದೇ ಮಗುವಿನ ಮುಂದೆ ಏಳು ಹುಣಿಸೆಬೀಜಗಳನ್ನಿಟ್ಟು 'ಎಷ್ಟಿವೆ?' ಎಂದು ಕೇಳೋಣ. ಒಂದನ್ನು ಬಿಟ್ಟು, ಇನ್ನೊಂದನ್ನು ಮೂರು ಸಲ ಮುಟ್ಟಿ, 'ಎಂಟು' ಎಂದೀತು. ಆಗ ಅದನ್ನು ಮಂದಬುದ್ಧಿಯದೆನ್ನುವುದು ಅನ್ಯಾಯ. ಅದಕ್ಕೆ ಸಂಖ್ಯೆಗಳ ಹೆಸರು ಬಂದಿದೆ; ಎಣಿಕೆ ಇನ್ನೂ ಬರಬೇಕಾಗಿದೆ.

ಎಣಿಕೆಗೆ ಮುಖ್ಯವಾಗಿ ಮೂರು ನಿಯಮಗಳುಂಟು. ಒಂದೊಂದು ವಸ್ತುವಿಗೆ ಒಂದೊಂದೇ ಹೆಸರು. ಹೆಸರುಗಳ ಕ್ರಮ ಬದಲಾಗಕೂಡದು. ಕೊನೆಗೆ ನುಡಿದ ಹೆಸರು ಇಡೀ ಗುಂಪಿನ ಮೊತ್ತವನ್ನು ಸೂಚಿಸುತ್ತದೆ. 1978ರಲ್ಲಿ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು ತಮ್ಮ ಗ್ರಂಥದಲ್ಲಿ ಈ ನಿಯಮಗಳನ್ನು ವಿಶದಪಡಿಸಿದರು. ಮೂರನೆಯದು ಮಕ್ಕಳಿಗೆ ಬಹಳ ಕಷ್ಟ. ಐದರವರೆಗೆ ಎಣಿಸಿ ಮುಗಿಸಿದ ಮಗುವನ್ನು 'ಒಟ್ಟು ಎಷ್ಟು?' ಎಂದು ಕೇಳಿದರೆ ಅದು ಮತ್ತೆ ಮೊದಲಿನಿಂದ ಎಣಿಸತೊಡಗುವುದು ಇದರಿಂದಲೇ.

ಇದನ್ನು ಕಲಿಸಲು ಬಾಯಿಪಾಠ ಸಾಲದು. ಕೈಗೆ ಕೆಲಸ ಬೇಕು. 1907ರಲ್ಲಿ ರೋಮ್ ನಗರದಲ್ಲಿ 'ಮಕ್ಕಳ ಮನೆ'ಯನ್ನು ಆರಂಭಿಸಿ, 1939ರಲ್ಲಿ ಮದರಾಸಿಗೆ ಬಂದು ಉಪಾಧ್ಯಾಯರಿಗೆ ತರಬೇತಿ ಕೊಟ್ಟ ಮರಿಯಾ ಮಾಂಟೆಸೊರಿಯವರ ಪದ್ಧತಿಯಲ್ಲಿ ಕದಿರುಗಳ ಪೆಟ್ಟಿಗೆಯೊಂದಿದೆ. ಅದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳುಳ್ಳ ಹತ್ತು ಗೂಡುಗಳು; ಜೊತೆಗೆ 45 ಮರದ ಕದಿರುಗಳು. ಮಗುವು ಒಂದರ ಗೂಡಿಗೆ ಒಂದು, ಎರಡರ ಗೂಡಿಗೆ ಎರಡು, ಹೀಗೆ ಎಣಿಸಿ ಇಡುತ್ತ ಹೋಗುತ್ತದೆ. ಒಂಬತ್ತಕ್ಕೆ ಬರುವಾಗ ಪುಟ್ಟ ಮುಷ್ಟಿ ತುಂಬುತ್ತದೆ; ಸಂಖ್ಯೆ ಬೆಳೆದುದು ಕೈಗೇ ತಿಳಿಯುತ್ತದೆ. ಸೊನ್ನೆಯ ಗೂಡು ಬರಿದಾಗಿಯೇ ಉಳಿಯುತ್ತದೆ. ಎಲ್ಲಿಯಾದರೂ ತಪ್ಪಿದರೆ ಕಡೆಗೆ ಕದಿರು ಮಿಗುತ್ತದೆ, ಇಲ್ಲವೆ ಸಾಲದಾಗುತ್ತದೆ. ಗದರಿಕೆಯಿಲ್ಲದೆ ಮಗುವು ತನ್ನ ತಪ್ಪನ್ನು ತಾನೇ ಕಾಣುತ್ತದೆ.

ಮನೆಯಲ್ಲಿ ಇದಕ್ಕೆ ಹತ್ತು ದೊನ್ನೆಗಳೂ 45 ಹುಣಿಸೆಬೀಜಗಳೂ ಸಾಕು. ಊಟಕ್ಕೆ ಬರುವವರಿಗೆ ತಲೆಗೊಂದರಂತೆ ಎಲೆ ಹಾಕಿಸುವುದೂ, ಅಳಗುಳಿಮಣೆಯ ಗುಳಿಗಳಲ್ಲಿ ಒಂದೊಂದೇ ಕಾಯನ್ನು ಹಾಕಿಸುವುದೂ ಎಣಿಕೆಯ ಪಾಠವೇ. ಹತ್ತನ್ನು ದಾಟಿದ ಮೇಲೆ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿಸಬೇಕು. ಒಂದು ಕಟ್ಟು, ಮೂರು ಬಿಡಿಕಡ್ಡಿ ಸೇರಿದರೆ ಹದಿಮೂರು. ಆ 'ಹದಿ'ಯೊಳಗೆ ಹತ್ತು ಅಡಗಿರುವುದು ಮಗುವಿನ ಕಣ್ಣಿಗೆ ಬೀಳುತ್ತದೆ.

ಮಗ್ಗಿ ಬೇಡವೆಂದು ನಾವು ಹೇಳುವುದಿಲ್ಲ; ಅದರ ಸರದಿ ಆಮೇಲೆ. ಕೈ ಅರಿಯದ ಸಂಖ್ಯೆಯನ್ನು ಬಾಯಿಂದ ಬಲಾತ್ಕಾರವಾಗಿ ಹೇಳಿಸಿದಾಗ ಹುಟ್ಟುವ ಅಂಜಿಕೆಯು ಕಾಲೇಜಿನ ತರಗತಿಯವರೆಗೂ ಹಿಂಬಾಲಿಸಿ ಬರುವುದನ್ನು ನಾವು ಕಾಣುತ್ತಿದ್ದೇವೆ. ಆದುದರಿಂದ ಮಗುವು ತಪ್ಪಿದಾಗ ಉತ್ತರವನ್ನು ಹೇಳಿಬಿಡುವ ಆತುರ ಬೇಡ. ಬೀಜಗಳನ್ನು ಇನ್ನೊಮ್ಮೆ ಅದರ ಮುಂದೆ ಸರಿಸಿ, ಸ್ವಲ್ಪ ಹೊತ್ತು ಸುಮ್ಮನಿರೋಣ.